ಆಗಿಬರದ ಮನೆ

ಆ ಮನೆಗೆ ಯಾವ ದೋಷವೂ ಇರಲಿಲ್ಲ. ದೋಷವಿದೆ ಎಂದು ಹೇಳಿದವಳು ನಾನು. ಬಾಯಿ ತಪ್ಪಿ ಆಡಿದ್ದಲ್ಲ, ಯಾರದೋ ಮಾತು ನಂಬಿ ಆಡಿದ್ದೂ ಅಲ್ಲ — ಗೊತ್ತಿದ್ದೇ, ಎದುರಿಗೆ ಕೂತ ಹೆಣ್ಣುಮಗಳ ಮುಖ ನೋಡುತ್ತಲೇ ಆಡಿದೆ. ಆ ಸುಳ್ಳಿನಿಂದಾಗಿ ಅವಳು ತನ್ನ ಕೂಸಿನ ಸಾವನ್ನು ತನ್ನ ಮೈಮೇಲೆ ಹೊತ್ತುಕೊಂಡು ಬದುಕಿದಳು. ನಾನು ಅವಳ ಮನೆಯಲ್ಲಿ, ಅವಳು ಕಟ್ಟಿಸಿದ ಅಡುಗೆಮನೆಯಲ್ಲಿ, ನೆಮ್ಮದಿಯಾಗಿ ಅನ್ನ ಬೇಯಿಸಿಕೊಂಡೆ.

ಕ್ಷಮೆ ಸಿಗಲೆಂದು ಇದನ್ನು ಬರೆಯುತ್ತಿಲ್ಲ. ಕೇಳಬೇಕಾದ ಕಡೆ ಕೇಳಿದ್ದೇನೆ, ಸಿಕ್ಕಿಲ್ಲ, ಸಿಗಬೇಕಾಗಿಯೂ ಇರಲಿಲ್ಲ. ಸುಳ್ಳು ಊರೆಲ್ಲ ತಿರುಗಿತು, ನಿಜ ಒಂದು ಮನೆಯ ಪಡಸಾಲೆಯನ್ನೂ ದಾಟಲಿಲ್ಲ — ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕಸುಬಿನ ಮಾತು. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಓದುವವರು ನನ್ನಿಂದ ನಾಚಿಕೆಯನ್ನು ಬಯಸುವುದೂ ಬೇಡ.

ತೊಂಬತ್ತರ ದಶಕದಲ್ಲಿ ನಾನು ಕಲಬುರಗಿಯಲ್ಲಿ ಹರಾಜಿಗೆ ಬರಲಿದ್ದ ಮನೆಗಳನ್ನು ಹರಾಜಿಗಿಂತ ಮೊದಲೇ ಕೊಳ್ಳುತ್ತಿದ್ದೆ. ಮನೆ ಅಡವಿಟ್ಟು ಸಾಲ ತೆಗೆದು ತೀರಿಸಲಾಗದವರಿಗೆ ಬ್ಯಾಂಕು ಮೊದಲು ನೋಟೀಸು ಕಳಿಸುತ್ತದೆ. ಆಮೇಲೆ ತನ್ನ ಬೋರ್ಡಿಗೆ ಹಚ್ಚುತ್ತದೆ. ಆಮೇಲೆ ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಹಾಕಿಸುತ್ತದೆ. ಕೊನೆಗೆ ಓಣಿಗೆ ಬಂದು ಹಲಗೆ ಬಾರಿಸಿ ಕೂಗಿಸುತ್ತದೆ. ಈ ನಡುವೆ ಒಂದಿಷ್ಟು ದಿನ ಸಿಗುತ್ತವೆ. ಆ ದಿನಗಳೇ ನನ್ನ ಕಸುಬು. ನಮ್ಮವರು ಶಾಲೆಯ ಮಾಸ್ತರು, ತಮ್ಮ ಹೆಂಡತಿ ವತ್ಸಲಾ ಏನು ಮಾಡಿದರೂ ಯೋಚಿಸಿಯೇ ಮಾಡಿರುತ್ತಾಳೆ ಎಂದು ನಂಬಿದ್ದ ಮನುಷ್ಯ. ಅವರು ಪೇಪರಿನ ಮೊದಲ ಪುಟ ಓದುತ್ತಿದ್ದರೆ ನಾನು ಒಳಪುಟ ಎಳೆದುಕೊಳ್ಳುತ್ತಿದ್ದೆ. ಮನೆ ಹುಡುಕಿಕೊಂಡು ಹೋಗುತ್ತಿದ್ದೆ, ಕೂತು ಮಾತಾಡುತ್ತಿದ್ದೆ. ಬ್ಯಾಂಕಿನ ಬಾಕಿಯನ್ನು ನಾನೇ ತುಂಬಿ, ಮನೆಯ ಕಾಗದಪತ್ರ ಬಿಡಿಸಿಕೊಂಡು, ಮಿಕ್ಕದ್ದನ್ನು ಮನೆಯವರ ಕೈಗಿಟ್ಟು ಖರೀದಿ ಮಾಡಿಸಿಕೊಳ್ಳುತ್ತಿದ್ದೆ. ಸುಣ್ಣ ಬಣ್ಣ ಬಳಿಸಿ ಬೇರೆಯವರಿಗೆ ಮಾರುತ್ತಿದ್ದೆ. ಲಾಭ ಸಿಗುತ್ತಿತ್ತು. ಸಿಗದಿದ್ದರೆ ಯಾಕೆ ಮಾಡುತ್ತಿದ್ದೆ?

ಊರು ನನಗೆ ‘ಹರಾಜುಬಾಯಿ’ ಎಂದು ಹೆಸರಿಟ್ಟಿತು. ಜನ್ಮದಲ್ಲಿ ಒಂದೇ ಒಂದು ಹರಾಜಿನಲ್ಲಿ ಸವಾಲು ಕೂಗದವಳಿಗೆ ಆ ಹೆಸರು! ಕೂಗದಿದ್ದುದಕ್ಕೆ ಕಾರಣವಿತ್ತು. ಶಹಾಬಜಾರದ ಇಕ್ಕಟ್ಟು ಓಣಿಯಲ್ಲಿ ನಮ್ಮಪ್ಪನ ಮನೆ ಹರಾಜಾದಾಗ ನಾನು ಪರಕಾರ ಉಡುವ ಹುಡುಗಿ. ಹಲಗೆಯವನು ನಮ್ಮ ಕಟ್ಟೆಯ ಮುಂದೆಯೇ ನಿಂತು ಬಾರಿಸಿದ. ಅಪ್ಪನ ಹೆಸರು, ಅಜ್ಜನ ಹೆಸರು, ಬಾಕಿ ಎಷ್ಟು — ಎಲ್ಲವನ್ನೂ ಕೂಗಿದರು. ನಮ್ಮ ತಾಯಿ, ನಾವು ಆಯಿ ಎನ್ನುತ್ತಿದ್ದೆವು, ಒಳಗೆ ಹಸಿ ತೊಗರಿಕಾಯಿ ಸುಲಿಯುತ್ತ ಕೂತಿದ್ದಳು. ಕಾಯಿ ಮುಗಿದ ಮೇಲೂ ಖಾಲಿ ಸಿಪ್ಪೆಗಳನ್ನು ಸುಲಿಯುತ್ತಲೇ ಇದ್ದಳು. ಸವಾಲು ಹಾಕಲು ಬಂದವರೆಲ್ಲ ಸ್ಟೇಶನ್ ಬಜಾರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ತಮ್ಮತಮ್ಮಲ್ಲೇ ಮೊದಲೇ ಮಾತು ಮುಗಿಸಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಮನೆ ಮಣ್ಣಿನ ಬೆಲೆಗೆ ಹೋಯಿತು. ಅದರ ಬಳಿಕ ಆಯಿ ನಲ್ಲಿಯ ನೀರಿಗೆ ಹೋಗಲಿಲ್ಲ, ಯಾರ ಮನೆಯ ಅರಿಷಿಣ-ಕುಂಕುಮಕ್ಕೂ ಹೋಗಲಿಲ್ಲ.

ನನಗೆ ಮನೆ ಮಾರಿದ ಯಾರ ಬಾಗಿಲಿನಲ್ಲೂ ಹಲಗೆ ಬಾರಿಸಲಿಲ್ಲ. ಅವರು ಹಾಡುಹಗಲಲ್ಲಿ ಟೆಂಪೋಕ್ಕೆ ಸಾಮಾನು ಹೇರಿಕೊಂಡು, ‘ಮಾರಿದೆವು’ ಎಂದು ಓಣಿಗೆ ಹೇಳಿ, ತಲೆಯೆತ್ತಿ ಹೋದರು. ಇದು ತಪ್ಪೆನ್ನುವವರು ಎನ್ನಲಿ. ನಾನು ಆ ಕೆಲಸವನ್ನು ಮತ್ತೆ ಮಾಡುವವಳೇ. ಆದರೆ ಶರಣಸಿರಸಗಿಯ ಮನೆ — ಅದನ್ನು ಈ ಮಾತಿನ ಮರೆಯಲ್ಲಿ ಅಡಗಿಸಲು ನನಗೂ ಆಗುವುದಿಲ್ಲ.

ಊರಂಚಿನ ಶರಣಸಿರಸಗಿಯ ಕಡೆ ಆಗಷ್ಟೇ ಹೊಲಗಳ ನಡುವೆ ಕಲ್ಲು ನೆಟ್ಟು ಪ್ಲಾಟು ಹಾಕುತ್ತಿದ್ದರು. ಅಲ್ಲೊಂದು ಇಲ್ಲೊಂದು ಮನೆ ಎದ್ದಿತ್ತು. ಅಂಥದ್ದೊಂದು ಮನೆ ಶಿವರಾಯನದು. ಸರಕಾರಿ ಕಚೇರಿಯಲ್ಲಿ ಕಾರಕೂನ. ಗೆಳೆಯನೊಬ್ಬನ ಜೊತೆ ಸೇರಿ ಲಾರಿ ತೆಗೆದುಕೊಳ್ಳಲೆಂದು ಮನೆ ಅಡವಿಟ್ಟಿದ್ದ. ಲಾರಿ ಓಡಿದ್ದಕ್ಕಿಂತ ಗ್ಯಾರೇಜಿನಲ್ಲಿ ನಿಂತದ್ದೇ ಹೆಚ್ಚು. ಬ್ಯಾಂಕಿನ ಬೋರ್ಡಿನಲ್ಲಿ ಅವನ ಹೆಸರು ನೋಡಿಕೊಂಡು ನಾನು ಕಚೇರಿಯ ಗೇಟಿನಲ್ಲೇ ಅವನನ್ನು ಹಿಡಿದೆ. ಹೋಟೆಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಚಹಾದ ಮೇಲೆ ಕೆನೆ ಕಟ್ಟಿತು, ಅವನು ಮುಟ್ಟಲಿಲ್ಲ.

“ಮನಿ ಕೊಡ್ತೀನ್ರಿ ಬಾಯಾರ,” ಎಂದ. “ಆದ್ರ ಸಾಲದ ಮಾತು ನಮ್ಮಾಕಿಗಿ ಗೊತ್ತಾಗಬಾರ್ದು. ಗೊತ್ತಾತಂದ್ರ ತವರಿಗಿ, ತನ್ನ ಅಣ್ಣಂದಿರಿಗಿ ಹೇಳಿಕಳಸ್ತಾಳ. ಅವ್ರು ಬಂದು ಸಾಲ ಕಟ್ಟತಾರ. ಆಮ್ಯಾಲ ಸಾಯೂತನ ನಾ ಅವ್ರ ಮುಂದ ತಲಿ ತಗ್ಗಿಸಿ ನಿಂದರಬೇಕು.”

ಪಾಪ, ಮರ್ಯಾದೆಗೆ ಅಂಜುವ ಮನುಷ್ಯ ಎಂದುಕೊಂಡೆ. ಹಾಗೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ — ಅವನ ಮರ್ಯಾದೆ ಉಳಿಸಲು ಬಾಯಿ ಮುಚ್ಚಿಕೊಂಡೆ ಅಂತ. ಆದರೆ ಆ ಹೊತ್ತು ನನ್ನ ಕಿವಿ ಹಿಡಿದದ್ದು ಬೇರೆ ಮಾತನ್ನು. ಅಣ್ಣಂದಿರು ಬಂದರೆ ಸಾಲ ತೀರುತ್ತದೆ. ಸಾಲ ತೀರಿದರೆ ಮನೆ ಉಳಿಯುತ್ತದೆ. ನನ್ನ ಕೈಗೆ ಬರುವುದಿಲ್ಲ.

ಮನೆ ನೋಡಲು ಹೋದೆ. ಅವನ ಹೆಂಡತಿ ಜಗದೇವಿ ಬಾಗಿಲಿಗೆ ಬಂದಳು. ಇನ್ನೂ ಚಿಕ್ಕ ವಯಸ್ಸು, ತುಂಬು ಬಸುರಿ. ‘ಒಳ್ಳೆಯ ಮನೆ, ಕೊಳ್ಳುವವರು ಬಂದಿದ್ದಾರೆ, ಮಾರೋಣ’ ಎಂದಷ್ಟೇ ಶಿವರಾಯ ಅವಳಿಗೆ ಹೇಳಿದ್ದ. ಅವಳಿಗೆ ಮಾರುವ ಮನಸ್ಸಿರಲಿಲ್ಲ. ಆದರೂ ಬಂದವಳಿಗೆ ಮನೆ ತೋರಿಸದೆ ಕಳಿಸಬಾರದೆಂದು ಪ್ರತಿಯೊಂದು ಗೋಡೆಯ ಮುಂದೆ ನಿಲ್ಲಿಸಿ ತೋರಿಸಿದಳು. ತವರಿನ ಬಂಗಾರ ಹಾಕಿ ಕಟ್ಟಿಸಿದ ಮನೆ. ಗೋಡೆಗಳಿಗೆ ನೀರು ಹೊಡೆದವಳು ಅವಳೇ, ಗೌಂಡಿಯ ಬೆನ್ನು ಹತ್ತಿ ಕಿಟಕಿಯ ಅಳತೆ ಬದಲಿಸಿದವಳು ಅವಳೇ. ಕೊನೆಗೆ ಅಡುಗೆಮನೆ. ಪೂರ್ವಕ್ಕೆ ಅಗಲವಾದ ಕಿಟಕಿ, ಅದರ ಕೆಳಗೆ ಕಟ್ಟೆ, ಕಟ್ಟೆಯ ಮೇಲೆ ಒಲೆ.

“ಇಲ್ಲಿ ನಿಂತ್ರ ಮುಂಜಾನಿ ಬಿಸಲು ರೊಟ್ಟಿ ಮ್ಯಾಲೇ ಬೀಳ್ತದ ನೋಡ್ರಿ ಬಾಯಾರ,” ಎಂದಳು.

ನಾನು ಆಗ ಶಹಾಬಜಾರದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ನಡುಮಧ್ಯಾಹ್ನವೂ ದೀಪ ಹಚ್ಚಿಕೊಂಡು ಅಡುಗೆ ಮಾಡುತ್ತಿದ್ದೆ. ಎಷ್ಟೋ ಮನೆ ಕೊಂಡಿದ್ದೆ, ಮಾರಿದ್ದೆ. ಒಂದರ ಮೇಲೂ ಆಸೆ ಹುಟ್ಟಿರಲಿಲ್ಲ. ಆ ಕಿಟಕಿಯ ಮುಂದೆ ನಿಂತಾಗ — ಈ ಮನೆ ನನಗೆ ಬೇಕು ಅನ್ನಿಸಿತು. ಮಾರಲಿಕ್ಕಲ್ಲ. ಇರಲಿಕ್ಕೆ.

ಪಡಸಾಲೆಯಲ್ಲಿ ಕೂತೆವು. ಅವಳು ಹಿಂದಿನ ವರ್ಷ ತೀರಿಕೊಂಡ ಮಗಳ ಮಾತು ತೆಗೆದಳು. ನಡೆಯಲು ಕಲಿತಿದ್ದ ಕೂಸು. ಜ್ವರ ಬಂತು, ಇಳಿಯಲಿಲ್ಲ. “ಏನ್ ಕಡಿಮಿ ಮಾಡೀವ್ರಿ ನಾವು? ದವಾಖಾನಿಗಿ ಒಯ್ದೀವಿ, ದೇವರಿಗಿ ಬೇಡ್ಕೊಂಡೀವಿ...” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗಟ್ಟಿಯಾಗಿ ಹೇಳಿದಳು: “ಮನಿ ಮಾರೂದು ನನಗ ಮನಸಿಲ್ರಿ. ಇವ್ರ ತಲಿಯಾಗ ಏನ್ ಹೊಕ್ಕದೋ ತಿಳೀವಲ್ದು. ನಮ್ಮ ಅಣ್ಣಾರಿಗಿ ಬರಾಕ ಹೇಳ್ತೀನಿ. ಅವ್ರು ಬಂದು ಮಾತಾಡ್ಲಿ.”

ಅಲ್ಲಿಗೆ ನಾನು ಎದ್ದು ಬರಬಹುದಿತ್ತು. ‘ಮನೆಯ ಮೇಲೆ ಸಾಲವಿದೆ ತಂಗಿ, ಗಂಡನನ್ನು ಕೇಳು’ ಎನ್ನಬಹುದಿತ್ತು. ಎರಡರಲ್ಲಿ ಯಾವುದನ್ನು ಮಾಡಿದ್ದರೂ... ಮಾಡಲಿಲ್ಲ.

“ಜಗದೇವಿ, ಈ ಮನಿ ನಿಮಗ ಆಗಿಬಂದಿಲ್ಲ,” ಎಂದೆ. “ಒಲಿ ಇರಬಾರದ ಜಾಗಾದಾಗ ಒಲಿ ಇಟ್ಟೀರಿ. ಕೂಸು ಸುಮ್ಮ ಹೋಗಿಲ್ಲ.”

ಅವಳ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

“ನೀವು ಬ್ರಾಹ್ಮಣರು, ನಿಮಗ ಇದೆಲ್ಲಾ ತಿಳೀತದ. ಖರೇನ್ರಿ ಬಾಯಾರ?”

“ಖರೇ.”

ನನಗೆ ಯಾವ ಶಾಸ್ತ್ರವೂ ತಿಳಿಯದು. ನಮ್ಮ ಮನೆತನದಲ್ಲಿ ಪೂಜೆ ಪುನಸ್ಕಾರ ಮಾಡುವವರು ಇದ್ದರು, ನಾನು ಪಂಚಾಂಗವನ್ನು ನೆಟ್ಟಗೆ ನೋಡಿದವಳೂ ಅಲ್ಲ. ಅವಳು ನನ್ನ ಮಾತಿಗೆ ಕೊಟ್ಟ ತೂಕ ನನ್ನದಾಗಿರಲಿಲ್ಲ, ನನ್ನ ಜಾತಿಯದು. ಅದನ್ನು ನಾನು ಬಳಸಿಕೊಂಡೆ, ಗೊತ್ತಿದ್ದೇ ಬಳಸಿಕೊಂಡೆ.

ಅಣ್ಣಂದಿರಿಗೆ ಯಾರೂ ಹೇಳಿಕಳಿಸಲಿಲ್ಲ. ಮಾರೋಣ ಎಂದು ಗಂಡನಿಗೆ ದುಂಬಾಲು ಬಿದ್ದವಳು ಈಗ ಜಗದೇವಿಯೇ. ಹೆರಿಗೆಗೆ ಮೊದಲು ಆ ಮನೆ ಬಿಡಬೇಕೆಂದು ಹಟ ಹಿಡಿದಳು. ಕಮಲಾಪುರದಲ್ಲಿ ಶಿವರಾಯನ ಹಳೆಯ ಮನೆಯಿತ್ತು. ಅವನು ಅಲ್ಲಿಗೇ ವರ್ಗ ಮಾಡಿಸಿಕೊಂಡ. ಬೆಲೆಯಲ್ಲಿ ನಾನು ಮೋಸ ಮಾಡಲಿಲ್ಲ. ಹರಾಜಿನಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚೇ ಕೊಟ್ಟೆ. ಟೆಂಪೋ ಹೊರಟಾಗ ಜಗದೇವಿ ತಿರುಗಿ ಕೂಡ ನೋಡಲಿಲ್ಲ — ಅಂಜಿ. ನಾನು ಆ ವಾರವೇ ಹಾಲು ಉಕ್ಕಿಸಿದೆ. ಅವಳ ಕಟ್ಟೆಯ ಮೇಲೆ, ಅವಳು ಒಲೆ ಇಟ್ಟಿದ್ದ ಅದೇ ಜಾಗದಲ್ಲಿ.

ಮನೆ ನನಗೆ ಚೆನ್ನಾಗಿಯೇ ಆಗಿಬಂತು. ಇದನ್ನು ಬರೆಯಲು ಕೈ ತಡೆಯುತ್ತದೆ, ಆದರೆ ನಿಜ ಅದೇ. ಮಕ್ಕಳು ಅಲ್ಲಿ ಬೆಳೆದರು, ಓದಿದರು. ಮುಂಜಾನೆ ಬಿಸಿಲು ರೊಟ್ಟಿಯ ಮೇಲೆಯೇ ಬೀಳುತ್ತಿತ್ತು.

ವರ್ಷಗಳು ಕಳೆದವು. ಕಮಲಾಪುರದಲ್ಲಿ ಒಂದು ಮನೆ ಹರಾಜಿಗೆ ಬರಲಿದೆ ಎಂದು ತಿಳಿದು ನೋಡಲು ಹೋದೆ. ಬಸ್ಸಿಳಿದು ಹತ್ತು ಹೆಜ್ಜೆ ಹಾಕಿಲ್ಲ, ಯಾರೋ ಹಿಂದಿನಿಂದ “ಬಾಯಾರ!” ಎಂದರು. ಜಗದೇವಿ. ತಲೆಯಲ್ಲಿ ನರೆ ಬಂದಿತ್ತು, ಅಷ್ಟೇನೂ ವಯಸ್ಸಾಗಿರಲಿಲ್ಲ. ಕೈಯಲ್ಲಿದ್ದ ಚೀಲ ನೆಲಕ್ಕಿಟ್ಟು, ಆ ಜನರ ನಡುವೆಯೇ ನನ್ನ ಕಾಲು ಮುಟ್ಟಿದಳು. ಬೇಡವೆಂದರೂ ಕೇಳದೆ ಮನೆಗೆ ಕರೆದುಕೊಂಡು ಹೋದಳು.

ಆಗ ಹೊಟ್ಟೆಯಲ್ಲಿದ್ದ ಮಗಳು ಈಗ ಶಾಲೆಗೆ ಹೋಗುವ ಚುರುಕು ಹುಡುಗಿ. “ನಿಮ್ಮಿಂದ ಈ ಕೂಸು ಉಳೀತ್ರಿ,” ಎಂದು ಜಗದೇವಿ ಮಗಳಿಂದಲೂ ನಮಸ್ಕಾರ ಮಾಡಿಸಿದಳು. ಹೊರಸಿನ ಮೇಲೆ ಅವಳ ಅತ್ತೆ ಕೂತಿದ್ದಳು. ನಾನು ಯಾರೆಂದು ತಿಳಿದದ್ದೇ ಮುದುಕಿ ಶುರು ಮಾಡಿದಳು.

“ಅಡಗಿಮನಿ ಹಿಂದ ಇರಲಿ ಅಂತ ಬಡ್ಕೊಂಡೆ. ಒಲಿ ಅಲ್ಲೇ ಬೇಕಂತ ಹಟ ಹಿಡದಾಕಿ ಈಕಿನೇ. ನೀವು ನೋಡಿದ ಕೂಡ್ಲೆ ಹೇಳಿದ್ರಂತ. ನನ್ನ ಮಾತು ಕೇಳಿದ್ದರ ಮಮ್ಮಗಳು ಇರ್ತಿದ್ದಳು. ನುಂಗಿ ನೀರ್ ಕುಡದಳು ಕೂಸಿನ್ನ.”

ಒಲೆಯ ಜಾಗ ಜಗದೇವಿ ಹಟ ಹಿಡಿದು ಆರಿಸಿದ್ದೆಂದು ನನಗೆ ಗೊತ್ತಿರಲಿಲ್ಲ. ಅಂದು ನಾಲಿಗೆಗೆ ಸಿಕ್ಕ ಒಂದು ದೋಷವನ್ನು ಹೇಳಿದ್ದೆ. ಅದು ಹೋಗಿ ಅವಳ ಕೊರಳಿಗೇ ಬಿದ್ದಿತ್ತು. ಗೊತ್ತಿರಲಿಲ್ಲ ಎನ್ನುವುದು ಸಮಾಧಾನವಲ್ಲ. ಗೊತ್ತಿದ್ದರೆ ಬಾಗಿಲಿನ ದೋಷ ಹೇಳುತ್ತಿದ್ದೆ, ಅಷ್ಟೇ.

ಜಗದೇವಿ ಅತ್ತೆಯ ಮಾತಿಗೆ ತಲೆ ಎತ್ತಲಿಲ್ಲ. ದಿನವೂ ಕೇಳುವವರ ಹಾಗೆ ಕೇಳಿಸಿಕೊಂಡು ಒಳಗೆ ಹೋದಳು. ಚಹಾ ತಂದವಳು ತಟ್ಟೆ ಹಿಡಿದು ನಿಂತೇ ಇದ್ದಳು. “ಇದನ್ನ ಎಲ್ಲಿಡ್ಲಿ?” ಎಂದು ಮಗಳನ್ನು ಕೇಳಿದಳು. ಹುಡುಗಿ ಸ್ಟೂಲು ತೋರಿಸಿದ ಮೇಲೆಯೇ ಇಟ್ಟಳು. ಸ್ವಲ್ಪ ಹೊತ್ತಿಗೆ ನೀರಿನ ಚರಿಗೆ ತಂದು ಮತ್ತೆ ಕೇಳಿದಳು, “ಇದನ್ನ?” ಗೌಂಡಿಯ ಬೆನ್ನು ಹತ್ತಿ ಕಿಟಕಿಯ ಅಳತೆ ಬದಲಿಸಿದ ಹೆಣ್ಣು — ಒಂದು ಚರಿಗೆಯನ್ನು ಎಲ್ಲಿಡಬೇಕೆಂದು ಮಗಳನ್ನು ಕೇಳುತ್ತಿದ್ದಳು.

ಹೊರಡುವಾಗ ಮೆಲ್ಲಗೆ ಕೇಳಿದಳು: “ಆ ಮನ್ಯಾಗ ಈಗ ಯಾರ ಅದಾರ್ರಿ? ಅವ್ರಿಗರ ಹೇಳೀರೋ ಇಲ್ಲೋ?”

“ಯಾರೂ ಇಲ್ಲ. ಬೀಗ ಹಾಕ್ಯದ,” ಎಂದೆ.

ಬಸ್ಸಿನ ತನಕ ಶಿವರಾಯ ಬಂದ. “ಮಾತು ಉಳಿಸಿಕೊಂಡ್ರಿ ಬಾಯಾರ, ಉಪಕಾರ ಆತು,” ಎಂದ. ಅವನ ಮುಖಕ್ಕೆ ಏನಾದರೂ ಹೇಳಬೇಕಿತ್ತು. ಹೇಳದೆ ಬಸ್ಸು ಹತ್ತಿದೆ.

ಅಲ್ಲಿಂದ ಕೆಲವು ತಿಂಗಳು ನಾನು ಏನೂ ಮಾಡಲಿಲ್ಲ. ಹೋಗಿ ಹೇಳಬೇಕೆಂದು ಅನ್ನಿಸುತ್ತಿತ್ತು. ಹೇಳಿದರೆ ಅವಳ ಸಂಸಾರ ಒಡೆಯುತ್ತದೆ ಎಂದು ನನಗೆ ನಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದೆ. ಅವಳ ಸಂಸಾರದ ಚಿಂತೆ ನನಗೆ ಎಲ್ಲಿಂದ ಬಂತು? ನನಗೆ ಅಂಜಿಕೆಯಿತ್ತು, ಅಷ್ಟೇ. ಜಗದೇವಿ ಬಾರದೇ ಹೋಗಿದ್ದರೆ ನಾನು ಇವತ್ತಿಗೂ ಹೇಳುತ್ತಿರಲಿಲ್ಲವೇನೋ.

ಅವಳು ಬಂದಳು. ಒಂದು ಮಧ್ಯಾಹ್ನ ಒಗ್ಗರಣೆ ಹಾಕುತ್ತಿದ್ದೆ. ಕಿಟಕಿಯಾಚೆ ಗೇಟಿನ ಬಳಿ ಯಾರೋ ನಿಂತ ಹಾಗೆ ಕಂಡಿತು. ಕೈಯಲ್ಲಿ ಎಲೆ, ತೆಂಗಿನಕಾಯಿ, ಎಣ್ಣೆಯ ಸಣ್ಣ ಬಾಟಲಿ. ಬೀಗ ಹಾಕಿದ ಮನೆಯ ಮುಂದೆ ಕೂಸಿನ ಹೆಸರಲ್ಲಿ ಒಂದು ದೀಪ ಇಟ್ಟು ಹೋಗೋಣ ಎಂದು ಬಂದಿದ್ದಳು. ನಾವಿಬ್ಬರೂ ಕಿಟಕಿಯ ಸರಳುಗಳ ನಡುವೆ ಒಬ್ಬರನ್ನೊಬ್ಬರು ನೋಡಿದೆವು. ಸಾಸಿವೆ ಸಿಡಿದು ಕಪ್ಪಾಗುತ್ತಿತ್ತು.

ನಾನೇ ಹೋಗಿ ಬಾಗಿಲು ತೆಗೆದೆ. ಅವಳು ಬೈಯಬಹುದು ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

“ಬಾಯಾರ... ನೀವು ಇಲ್ಲಿ ಇರಾಕತ್ತೀರಿ? ನಿಮಗ ಅಂಜಿಕಿ ಆಗಲಿಲ್ಲೇನ್ರಿ?”

ಆ ಕ್ಷಣದಲ್ಲೂ ಅವಳಿಗೆ ನನ್ನ ಮೇಲೆ ಸಂಶಯ ಬಂದಿರಲಿಲ್ಲ. ನನ್ನ ಮಕ್ಕಳಿಗೆ ಏನಾದರೂ ಆದೀತು ಎಂದು ಅವಳು ಅಂಜಿದ್ದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು — ಶಾಂತಿ ಮಾಡಿಸಿದ್ದೇನೆ ಅಂತ. ಎಷ್ಟು ಸುಲಭವಿತ್ತು.

“ಅಂಜಾಕ ಏನೂ ಇರಲಿಲ್ಲ ಜಗದೇವಿ,” ಎಂದೆ. “ಈ ಮನಿಯಾಗ ಏನೂ ಇರಲಿಲ್ಲ. ನಾ ಸುಳ್ಳ ಹೇಳಿದೆ.”

ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಸಾಲ, ಲಾರಿ, ಅವಳ ಗಂಡ ಹೋಟೆಲಿನಲ್ಲಿ ಬೇಡಿಕೊಂಡದ್ದು. ಅವನಿಗೆ ಕೊಟ್ಟ ಮಾತು ಮುರಿದೆ. ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಅಣ್ಣಂದಿರು ಬಂದರೆ ಮನೆ ಉಳಿಯುತ್ತದೆಂದು ನನಗೆ ಗೊತ್ತಿದ್ದುದನ್ನೂ ಹೇಳಿದೆ. ಮನೆ ನನಗೆ ಬೇಕಾಗಿತ್ತು ಎಂಬುದನ್ನೂ ಹೇಳಿದೆ. ತಪ್ಪಾಯಿತು, ಕ್ಷಮಿಸು ಎಂದೆ.

“ಹಂಗಾದ್ರ ನನ್ನ ಕೂಸು?”

“ಜ್ವರ. ಬರೇ ಜ್ವರ. ನಿನ್ನಿಂದ ಅಲ್ಲ.”

ಅವಳು ಹೊಸ್ತಿಲ ಮೇಲೆ ಕೂತಳು. ಅಳಲಿಲ್ಲ. ನೀರು ಕೊಟ್ಟೆ, ಮುಟ್ಟಲಿಲ್ಲ. ಎದ್ದು ನಿಂತು, “ನನ್ನ ಮುಂದ ಹೇಳಿದ್ರ ಏನಾತ್ರಿ?” ಎಂದಳು. “ನಮ್ಮ ಅತ್ತಿ ಮುಂದ ಹೇಳ್ರಿ. ಬರ್ರಿ.”

ಉಟ್ಟ ಸೀರೆಯಲ್ಲೇ ಹೊರಟೆ. ಕಮಲಾಪುರದ ತನಕ ಒಂದೇ ಸೀಟಿನಲ್ಲಿ ಕೂತು ಹೋದೆವು. ಅಲ್ಲಿ ಪಡಸಾಲೆಯಲ್ಲಿ ಅತ್ತೆ ಇದ್ದಳು, ಶಿವರಾಯ ಆಗಷ್ಟೇ ಕಚೇರಿಯಿಂದ ಬಂದಿದ್ದ. ನಿಂತುಕೊಂಡೇ ಹೇಳಿದೆ. ಮುದುಕಿ ಪೂರ್ತಿ ಕೇಳಿದಳು.

“ಆಗ ಸುಳ್ಳ ಹೇಳಿದಾಕಿ ಈಗ ಖರೇ ಹೇಳ್ತಾಳಂತ ಹ್ಯಾಂಗ ನಂಬ್ಲಿ?” ಎಂದಳು. “ಸೊಸಿ ಹೋಗಿ ಕರಕೊಂಡು ಬಂದಾಳ. ಏನ್ ಕಲಿಸಿಕೊಟ್ಟಾಳೋ.”

ನಾನು ಶಿವರಾಯನ ಕಡೆ ನೋಡಿದೆ. ಅವನ ಒಂದು ಮಾತು ಸಾಕಿತ್ತು. ಅವನು ಗೋಡೆಗೆ ಮುಖ ಮಾಡಿ ಅಂಗಿಯ ಗುಂಡಿ ಬಿಚ್ಚುತ್ತಿದ್ದ.

“ಸಾಲಾನೂ ಇಲ್ಲ, ಏನೂ ಇಲ್ಲ. ಬಾಯಾರ ಏನೋ ಗೈರಸಮಜ ಮಾಡ್ಕೊಂಡಾರ, ತಪ್ಪು ತಿಳದಾರ,” ಎಂದ.

ಜಗದೇವಿ ಗಂಡನ ಬೆನ್ನನ್ನೇ ನೋಡುತ್ತ ನಿಂತಳು. ಅಷ್ಟು ವರ್ಷ ಅತ್ತೆ ಆಡಿದ ಮಾತಿಗೆಲ್ಲ ಅವನು ಗೊತ್ತಿದ್ದೂ ಸುಮ್ಮನಿದ್ದನೆಂಬುದು ಅವಳಿಗೆ ತಿಳಿಯಿತೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬ್ಯಾಂಕಿನ ಕಾಗದ ತಂದು ತೋರಿಸುತ್ತೇನೆ ಎಂದೆ. “ಬ್ಯಾಡ್ರಿ,” ಎಂದಳು. ಹೊರಗೆ ಬಂದು ನನ್ನ ಜೊತೆ ಹೆದ್ದಾರಿಯ ತನಕ ನಡೆದಳು.

“ಮನಿ ತೊಗೊಂಡ್ರಿ, ಅದಕ್ಕ ನಂದೇನಿಲ್ರಿ. ಮನಿ ಹೋಗ್ತದ, ಬರ್ತದ. ಆದ್ರ ಕೂಸಿನ ಮಾತು ಯಾಕ ತಗದ್ರಿ?”

ನಾನು ರಸ್ತೆಯ ಕಡೆ ಮುಖ ತಿರುಗಿಸಿದೆ.

“ಅತ್ತಿ ನಂಬ್ಲಿಲ್ಲ. ನಾ ನಂಬೀನಿ. ನನಗ ಅಷ್ಟ ಸಾಕು,” ಎಂದಳು. “ಇನ್ನ ನೀವು ನನ್ನ ಕಣ್ಣಿಗಿ ಬೀಳಬ್ಯಾಡ್ರಿ.”

ಬಸ್ಸು ಬರುವ ತನಕವೂ ಅವಳು ನಿಲ್ಲಲಿಲ್ಲ. ತಿರುಗಿ ನಡೆದಳು.

ಮನೆಯನ್ನು ಅವಳಿಗೆ ವಾಪಸು ಕೊಡುತ್ತೇನೆಂದು ಹೇಳಿದೆಯಾ ಎಂದು ನಮ್ಮವರು ಆ ದಿನ ಕೇಳಿದರು. ಎಲ್ಲವನ್ನೂ ಅವರಿಗೆ ಹೇಳಿದ್ದೂ ಆ ದಿನವೇ. ಇಲ್ಲ, ಹೇಳಲಿಲ್ಲ. ಹೇಳುವುದೂ ಇಲ್ಲ. ಹರಾಜಿಗೆ ಹೋಗಿದ್ದರೆ ಅವಳಿಗೆ ಅಷ್ಟೂ ಸಿಗು — ನೋಡಿ, ಮತ್ತೆ ಅಲ್ಲಿಗೇ ಬಂದೆ. ಆ ಲೆಕ್ಕ ಸರಿಯಿದೆ. ಆದರೆ ಅವಳು ನನ್ನನ್ನು ಕೇಳಿದ್ದು ಆ ಲೆಕ್ಕವನ್ನಲ್ಲ. ಮನೆ ಬಿಟ್ಟುಕೊಟ್ಟು ದೊಡ್ಡವಳೆನಿಸಿಕೊಳ್ಳುವುದೂ ನನಗೆ ಬೇಡ. ಆ ಕಟ್ಟೆಯ ಮುಂದೆ ದಿನವೂ ನಿಲ್ಲುತ್ತೇನೆ. ಯಾರು ಆರಿಸಿದ ಜಾಗ ಎಂಬುದನ್ನು ಮರೆಯಲು ಆಗುವುದಿಲ್ಲ, ಆಗಬಾರದು.

ಕಸುಬನ್ನೂ ಬಿಡಲಿಲ್ಲ. ಒಂದು ಬದಲಾಯಿತು. ಈಗ ಯಾವ ಮನೆಗೆ ಹೋದರೂ ಮೊದಲು ಮನೆಯಾಕೆಯನ್ನು ಹೊರಗೆ ಕರೆಸುತ್ತೇನೆ. ಸಾಲ ಎಷ್ಟಿದೆ, ಹರಾಜು ಯಾವಾಗ ಎಂದು ಗಂಡನ ಎದುರಿಗೇ ಹೇಳುತ್ತೇನೆ. ಗಂಡಸರು ಬೈದು ಗೇಟು ಹಾಕಿದ್ದಾರೆ. ಕೆಲವು ಮನೆಗಳ ಹೆಂಗಸರು ಎಲ್ಲಿಂದಲೋ ದುಡ್ಡು ಹೊಂದಿಸಿ ಮನೆ ಉಳಿಸಿಕೊಂಡರು, ನನಗೆ ವ್ಯವಹಾರ ತಪ್ಪಿತು. ತಪ್ಪಲಿ.

ಕಮಲಾಪುರದವರು ಇದನ್ನು ಓದಿದರೆ, ಅವಳ ಅತ್ತೆಯ ಮಾತು ಕೇಳಿ ನಾಲ್ಕು ಮಾತು ಆಡಿದವರು ಓದಿದರೆ, ತಿಳಿದುಕೊಳ್ಳಲಿ: ಆ ಹೆಣ್ಣುಮಗಳು ಯಾವ ತಪ್ಪನ್ನೂ ಮಾಡಲಿಲ್ಲ. ಮಾಡಿದವಳು ನಾನು.

ಬೀದರಿನ ಕಡೆ ಕೆಲಸವಿದ್ದಾಗ ನನ್ನ ಬಸ್ಸು ಕಮಲಾಪುರದ ಮೇಲೆಯೇ ಹೋಗುತ್ತದೆ. ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾನು ಇಳಿಯುವುದಿಲ್ಲ. ಅವಳ ಓಣಿ ಇರುವ ಬದಿಯ ಕಿಟಕಿಗೆ ಕೂಡುವುದೂ ಇಲ್ಲ.